ಹಳಬರನ್ನೇ ಸೂಪರ್‌ವೈಸರ್ ಮಾಡಲಾ, ಹೊರಗಿನಿಂದ ಮ್ಯಾನೇಜರ್ ತರಲಾ?

ಶಿರಸಿ, ಹಪ್ಪಳ–ಉಪ್ಪಿನಕಾಯಿ: 9 ಜನರಿದ್ದ ನಮ್ಮ ಘಟಕದಲ್ಲಿ ಈಗ 22 ಜನ. ಉಪ್ಪು ತೂಗುವುದಕ್ಕೂ ನನ್ನನ್ನೇ ಕೇಳುತ್ತಾರೆ. ಮೊದಲಿನಿಂದ ಇರುವ ಅಕ್ಕನಿಗೆ ಜವಾಬ್ದಾರಿ ಕೊಡಲಾ, ಹೊರಗಿನವರನ್ನು ಕರೆಯಲಾ? ಅನುಭವ ಇದ್ದವರು ತಿಳಿಸಿ.

ಪೀಣ್ಯ, ಸಿಎನ್‌ಸಿ ಜಾಬ್‌ವರ್ಕ್ (ಕಂಪ್ಯೂಟರ್ ಯಂತ್ರದಲ್ಲಿ ಬಿಡಿಭಾಗ ಮಾಡಿಕೊಡುವುದು): ಹೊರಗಿನವರು ಬೇಡವೇ ಬೇಡ. ತಿಂಗಳಿಗೆ 45 ಸಾವಿರ ಕೊಟ್ಟು ದೊಡ್ಡ ಕಂಪನಿಯಲ್ಲಿದ್ದವರನ್ನು ತಂದೆವು. ಬಂದ ವಾರವೇ ಟೀಗೆ ಹೋಗಲೂ ರಿಜಿಸ್ಟರ್‌ನಲ್ಲಿ ಸಹಿ. ಡ್ರಾಯಿಂಗ್ ನೋಡಿದರೆ ಸಾಕು, ಮೆಷಿನ್ ಸೆಟ್ಟಿಂಗ್ ಮುಗಿಸುತ್ತಿದ್ದ ನಮ್ಮ ಹಳೇ ಸೆಟ್ಟರ್ ಎದುರಿನ ಶೆಡ್ಡಿಗೆ ಹೋದ. ಅವನ ಹಿಂದೆ ಇನ್ನಿಬ್ಬರು. ಮುಂದಿನ ಲಾಟ್‌ನಲ್ಲಿ ಬೋರ್ (ಒಳಗಿನ ತೂತಿನ ಅಳತೆ) 0.05 ಮಿ.ಮೀ. ಜಾಸ್ತಿ. ಕಮ್ಮಿ ಇದ್ದಿದ್ದರೆ ಮತ್ತೆ ಹೊಡೆಯಬಹುದಿತ್ತು, ಜಾಸ್ತಿಯಾದರೆ ಗುಜರಿಯೇ. ಆರ್ಡರ್ ಕೊಟ್ಟ ಪಾರ್ಟಿ 1 ಲಕ್ಷ 80 ಸಾವಿರ ಕಡಿತದ ಡೆಬಿಟ್ ನೋಟ್ ಕಳಿಸಿದರು. ಟೆಂಪೋ ಬಾಡಿಗೆ, ಇನ್ಸರ್ಟ್ (ಲೋಹ ಕತ್ತರಿಸುವ ಮೊನೆ) ಖರ್ಚು ಬೇರೆ.

ದೊಡ್ಡಬಳ್ಳಾಪುರ, ಗಾರ್ಮೆಂಟ್: ಹಳಬರಾದರೆ ಎಲ್ಲ ಸರಿಹೋಗುತ್ತಾ ಸರ್? ಕಾಲರ್ ಹೊಲಿಯುವುದರಲ್ಲಿ ನಮ್ಮಲ್ಲೊಬ್ಬರನ್ನು ಮೀರಿಸುವವರಿರಲಿಲ್ಲ. ಅವರನ್ನೇ ಲೈನ್ ಸೂಪರ್‌ವೈಸರ್ ಮಾಡಿದೆವು. ಒಟ್ಟಿಗೆ ಬುತ್ತಿ ಬಿಚ್ಚುವವರಿಗೆ ಗಟ್ಟಿಯಾಗಿ ಒಂದು ಮಾತು ಹೇಳಲು ಅವರಿಂದಾಗಲಿಲ್ಲ. ಪೀಸ್ ನಿಂತರೆ ತಾವೇ ಮೆಷಿನ್‌ಗೆ ಕೂತುಬಿಡುತ್ತಿದ್ದರು. ಲೈನ್ ನೋಡುವವರೇ ಇಲ್ಲ! ಮಾಲು ತಡವಾಗಿ ಬಿಲ್ಲಿನಲ್ಲಿ 5% ಕಡಿತ. ಹೊರಗಿನ ಮ್ಯಾನೇಜರ್ ಬಂದಮೇಲೆ ಗಂಟೆಗಂಟೆಯ ಟಾರ್ಗೆಟ್ ಬೋರ್ಡ್ ಮೇಲಿರುತ್ತದೆ. ನಾನು ಎರಡು ದಿನ ಊರಿಗೆ ಹೋದರೂ ಲೈನ್ ಓಡುತ್ತದೆ.

ಪೀಣ್ಯ: ಕಾಲರ್ ಬೇರೆ, ಮೈಕ್ರಾನ್ ಅಳತೆ ಬೇರೆ ಮೇಡಂ.

ದೊಡ್ಡಬಳ್ಳಾಪುರ: ಒಂದು ಕಾಲರ್ ತಿರುಗಿಸಿ ತೋರಿಸಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ, ಮಸಾಲೆ ಪ್ಯಾಕಿಂಗ್: ಮ್ಯಾನೇಜರ್ ಆಮೇಲೆ. ಮೊದಲು 19ಕ್ಕೆ ಇಳಿಸಿ. 20 ಆದರೆ ಪಿಎಫ್ ಬರುತ್ತದೆ, ಮಾಲೀಕರ ಪಾಲೇ 12%. ನಮ್ಮಲ್ಲಿ 18 ಜನ ಪಟ್ಟಿಯಲ್ಲಿ, ಉಳಿದವರು ಗುತ್ತಿಗೆ.

ದೊಡ್ಡಬಳ್ಳಾಪುರ: ಅಣ್ಣಾ, ಇಂಥದ್ದನ್ನು ಹೇಳಿಕೊಡಬೇಡಿ. ಗುತ್ತಿಗೆಯವರೂ ಲೆಕ್ಕಕ್ಕೆ ಬರುತ್ತಾರೆ. ಒಮ್ಮೆ ಪಿಎಫ್‌ಗೆ ಒಳಪಟ್ಟಮೇಲೆ ಜನ ಕಮ್ಮಿಯಾದರೂ ಬಿಡಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಅಂತೂ 10 ಜನಕ್ಕೇ ಬರುತ್ತದೆ. ನಮ್ಮ ಹೆಲ್ಪರ್ ಹುಡುಗಿಗೆ ಹೆರಿಗೆಗೆ 26 ವಾರ ಸಂಬಳ ಸಿಕ್ಕಿದ್ದು ಅದರಿಂದಲೇ.

ಹುಬ್ಬಳ್ಳಿ: ನಿಮಗೆ ದೊಡ್ಡ ಬೈಯರ್ ಇದ್ದಾರ್ರೀ ಮೇಡಂ. ನಮಗೆ ಹೋಲ್‌ಸೇಲ್‌ನವರು 90 ದಿನ ಬಾಕಿ ಇಡುತ್ತಾರೆ. ಮೆಣಸಿನಕಾಯಿಗೆ ಮಾತ್ರ ನಗದು ಎಣಿಸಬೇಕು.

ಪೀಣ್ಯ: ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆಯಲ್ವಾ? ಬಾಕಿ 45 ದಿನ ದಾಟಿದರೆ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಿ. ಬಡ್ಡಿ ಸಮೇತ ಕೇಳಬಹುದು.

ಹುಬ್ಬಳ್ಳಿ: ದೂರು ಹಾಕಿದಮೇಲೆ ಮುಂದಿನ ಆರ್ಡರ್ ನೀವು ಕೊಡುತ್ತೀರೇನು? ನೀವು ಯಾರ ಮೇಲಾದರೂ ಹಾಕಿದ್ದೀರಾ?

ಪೀಣ್ಯ: ಹಾಕಿದ್ದೇನೆ. ಅಸಲು ಬಂತು. ಪಾರ್ಟಿ ಹೋದ. ಅಂಥ ಪಾರ್ಟಿ ನನಗೆ ಬೇಡ.