ಅಪ್‌ಡೇಟ್: ಮಂಡ್ಯದ ಮೆಡಿಕಲ್ ಶಾಪ್ ಮತ್ತು ಕಾಣದ ಫಾರ್ಮಸಿಸ್ಟ್

ಮೂರು ವಾರದ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮಂಡ್ಯದಲ್ಲಿ ಮನೆ ಹತ್ತಿರದ ಮೆಡಿಕಲ್‌ನಲ್ಲಿ ಅಮ್ಮನಿಗೆ ಅವಧಿ ಮುಗಿದ ಬಿಪಿ ಮಾತ್ರೆ ಕೊಟ್ಟಿದ್ದಾರೆ, ಗೋಡೆ ಮೇಲಿನ ಸರ್ಟಿಫಿಕೇಟ್‌ನ ಫಾರ್ಮಸಿಸ್ಟ್ ಮುಖ ಯಾರೂ ಕಂಡಿಲ್ಲ, ಏನು ಮಾಡಲಿ ಅಂತ.

ಅಂಗಡಿ ಮಾಲೀಕರ ಹತ್ತಿರ ಮಾತಾಡಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಿ. ಉಪಯೋಗ ಆಗಲಿಲ್ಲ. "ಬೇರೆ ಸ್ಟ್ರಿಪ್ ತಗೊಂಡು ಹೋಗಿ ಸಾರ್" ಅಂದರು, ಅಷ್ಟೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ ಮೇಲೆ ದುಡ್ಡೇನೋ ವಾಪಸ್ ಬಂತು. ನನಗೆ ಬೇಕಿದ್ದದ್ದು ಅದಲ್ವಲ್ಲ.

ಕೆಲಸಕ್ಕೆ ಬಂದದ್ದು, ಬಿಲ್ ಮತ್ತು ಸ್ಟ್ರಿಪ್ ಇಟ್ಟುಕೊಂಡು ಔಷಧ ನಿಯಂತ್ರಣ ಇಲಾಖೆಗೆ ಲಿಖಿತ ದೂರು ಕೊಡಿ ಅಂದವರ ಸಲಹೆ. ಬಿಲ್‌ನಲ್ಲಿ ಬ್ಯಾಚ್ ನಂಬರ್ ಇದ್ದದ್ದು ನಮ್ಮ ಪುಣ್ಯ. ಇನ್‌ಸ್ಪೆಕ್ಟರ್ ಬಂದ ದಿನವೂ ಫಾರ್ಮಸಿಸ್ಟ್ ಇರಲಿಲ್ಲ! ಅಂಗಡಿಗೆ ಶೋಕಾಸ್ ನೋಟಿಸ್ (ಯಾಕೆ ಕ್ರಮ ತಗೋಬಾರದು ಅಂತ ಕಾರಣ ಕೇಳುವ ನೋಟಿಸ್) ಹೋಗಿದೆ.

ಒಂದು ವಿಷಯ ಗೊತ್ತೇ ಇರಲಿಲ್ಲ. ಇಲಾಖೆ ನೋಡುವುದು ಅಂಗಡಿಯ ಲೈಸೆನ್ಸ್. ಫಾರ್ಮಸಿಸ್ಟ್ ಹೆಸರನ್ನು ರಿಜಿಸ್ಟರ್‌ನಿಂದ ತೆಗೆಯುವ ಅಧಿಕಾರ ರಾಜ್ಯ ಫಾರ್ಮಸಿ ಕೌನ್ಸಿಲ್‌ದು, 1948ರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ. ಅದೂ ಆ ಫಾರ್ಮಸಿಸ್ಟ್‌ಗೆ ತಮ್ಮ ವಾದ ಹೇಳಲು ಅವಕಾಶ ಕೊಟ್ಟ ಮೇಲೆಯೇ. ಸುಮ್ನೆ ಕೂರದೆ ಬೆಂಗಳೂರಿನ ಆ ಕೌನ್ಸಿಲ್‌ಗೆ ಇನ್ನೊಂದು ದೂರು ಸ್ಪೀಡ್ ಪೋಸ್ಟ್ ಮಾಡಿದ್ದೇನೆ.

ಅಮ್ಮ ಈಗ ಕನ್ನಡಕ ಹಾಕಿಕೊಂಡು ಪ್ರತಿ ಸ್ಟ್ರಿಪ್‌ನ ತಾರೀಖು ಓದಿಯೇ ದುಡ್ಡು ಕೊಡುವುದು.