ಶರ್ಟಿನೊಳಗಿನ .32 ರಿವಾಲ್ವರ್ ಬೇಗ ಈಚೆ ತೆಗೆಯೋ ಅಭ್ಯಾಸ: ಹೊತ್ತು ಎಲ್ಲಿ ಹೋಗ್ತಿದೆ?

ಕಬ್ಬಿನಗದ್ದೆ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಇರೋ ಐಒಎಫ್ (ಇಂಡಿಯನ್ ಆರ್ಡ್ನೆನ್ಸ್ ಫ್ಯಾಕ್ಟರಿ) .32 ರಿವಾಲ್ವರ್, ಆರು ಗುಂಡಿಂದು, ನಡು ಮುರಿದು ತೆರೆಯೋ ಮಾದರಿ. ಬಲ ಸೊಂಟದಲ್ಲಿ ಚರ್ಮದ ಹೋಲ್ಸ್ಟರ್, ಮೇಲೆ ಇನ್‌ಶರ್ಟ್ ಮಾಡದ ಅರ್ಧ ತೋಳಿನ ಶರ್ಟ್. ಊರಲ್ಲಿದ್ದಾಗ ಪಂಚೆ, ಜುಬ್ಬ. ಖಾಲಿ ಗನ್ನಲ್ಲಿ ಮನೇಲಿ ಅಭ್ಯಾಸ ಮಾಡ್ತಿದ್ದೀನಿ. ಫೋನಿನ ಶಾಟ್ ಟೈಮರ್ ಆ್ಯಪ್ ಬೀಪ್ ಕೊಟ್ಟಮೇಲೆ ಸೈಟು (ಗನ್ ಮೇಲಿನ ಗುರಿ ನೋಡೋ ಮುಳ್ಳು) ಗುರಿ ಮೇಲೆ ಕೂರೋಕೆ 3.5 ಸೆಕೆಂಡ್ ಆಗ್ತಿದೆ. ಹತ್ತರಲ್ಲಿ ಮೂರು ಸಲ ಶರ್ಟಿನ ಅಂಚು ಹ್ಯಾಮರಿಗೆ (ಗನ್ನಿನ ಹಿಂದೆ ಎದ್ದಿರೋ ಸುತ್ತಿಗೆಗೆ) ಸಿಕ್ಕಿಕೊಳ್ಳುತ್ತೆ. ಜೋರಾಗಿ ಎಳೆದಷ್ಟೂ ಜಾಸ್ತಿ ಸಿಕ್ಕಿಕೊಳ್ಳುತ್ತೆ. ಎರಡು ಸೆಕೆಂಡಿನ ಒಳಗೆ ತರೋಕೆ ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು? ಹೋಲ್ಸ್ಟರ್ ಬದಲಾಯಿಸಬೇಕಾ? ಗೊತ್ತಿರೋರು ವಿವರವಾಗಿ ಹೇಳಿ.

ಕುಕ್ಕರಹಳ್ಳಿ_ದಂಡೆ (ಮೈಸೂರು):
ಸರ್, ಕೈ ಜೋರು ಮಾಡಿದರೆ ಸಮಯ ಕಡಿಮೆಯಾಗಲ್ಲ. 3.5 ಸೆಕೆಂಡಿನಲ್ಲಿ ಗನ್ ಹೋಲ್ಸ್ಟರಿನಿಂದ ಕಣ್ಣಿನ ಮಟ್ಟಕ್ಕೆ ಬರೋಕೆ ಒಂದು ಸೆಕೆಂಡಿಗಿಂತ ಕಡಿಮೆ ಸಾಕು. ಬೀಪ್ ಕೇಳಿ ಕೈ ಅಲ್ಲಾಡೋಕೆ ಕಾಲು ಸೆಕೆಂಡ್ ಹತ್ತಿರ ಹೋಗುತ್ತೆ, ಅದು ಯಾರಿಗೂ ತಪ್ಪಿದ್ದಲ್ಲ. ಉಳಿದದ್ದೆಲ್ಲ ಬಟ್ಟೆ ಸರಿಸೋದರಲ್ಲಿ ಮತ್ತು ಅರ್ಧಂಬರ್ಧ ಹಿಡಿದ ಹಿಡಿಯನ್ನ ದಾರಿಯಲ್ಲಿ ಸರಿಮಾಡಿಕೊಳ್ಳೋದರಲ್ಲಿ ಹೋಗ್ತಿದೆ. ಅವೆರಡನ್ನ ಬೇರೆಬೇರೆಯಾಗಿ ತಿದ್ದಬೇಕು.

ಮೊದಲು ಗನ್ ಖಾಲಿ ಮಾಡೋದು. ಲ್ಯಾಚ್ ಒತ್ತಿ ಮುರಿದು ತೆರೀರಿ, ಆರು ಗುಂಡೂ ಕೈಗೆ ತಗೊಂಡು ಎಣಿಸಿ ಇನ್ನೊಂದು ಕೋಣೇಲಿ ಬೀಗ ಹಾಕಿ ಬನ್ನಿ. ಬಂದು ಮತ್ತೆ ತೆರೆದು ಗುಂಡು ಕೂರೋ ಆರೂ ಗೂಡಿನಲ್ಲಿ ಬೆರಳಿಟ್ಟು ನೋಡಿ. ಕಣ್ಣಿಗೆ ಖಾಲಿ ಕಂಡರೆ ಸಾಲದು. ಒಂದು ಗುಂಡು ಕೂಡ ಅಭ್ಯಾಸದ ಕೋಣೇಲಿ ಇರಬಾರದು. ಗೂಡುಗಳಿಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಗುಂಡು) ಹಾಕಿ, ಬಣ್ಣ ಅಸಲಿ ಗುಂಡಿಗಿಂತ ಎದ್ದು ಕಾಣೋ ಹಾಗಿರಲಿ. ಹೀಗೆ ಮಾಡಿದರೆ ಫೈರಿಂಗ್ ಪಿನ್ನಿಗೂ ಒಳ್ಳೇದು. (.22 ನಿಡರ್ ಅನ್ನೋ ಸಣ್ಣ ರಿವಾಲ್ವರ್ ಇಟ್ಟುಕೊಂಡಿರೋರು ಖಾಲಿ ಗೂಡಿನ ಮೇಲೆ ಟ್ರಿಗರ್ ಎಳೀಲೇಬೇಡಿ. ಅದು ರಿಮ್‌ಫೈರ್, ಅಂದರೆ ಪಿನ್ ಗುಂಡಿನ ಅಂಚಿಗೆ ಬಡಿಯೋ ಜಾತಿ; ಗುಂಡಿಲ್ಲದಿದ್ದರೆ ಪಿನ್ ಗೂಡಿನ ಅಂಚಿಗೇ ಬಡಿದು ಎರಡೂ ಹಾಳಾಗುತ್ತೆ.)

ಗುರಿ ಹಾಕೋ ಗೋಡೆ ಯಾವುದು ಅನ್ನೋದೂ ಮುಖ್ಯ. ಈಗಿನ ಮನೆಗಳ ನಾಲ್ಕಿಂಚಿನ ಹಾಲೋ ಬ್ಲಾಕ್ ಗೋಡೆಯನ್ನಾಗಲಿ, ಬೀರುವನ್ನಾಗಲಿ, ಬಾಗಿಲನ್ನಾಗಲಿ ನಂಬಬೇಡಿ. ಸಿಮೆಂಟ್ ಚೀಲಕ್ಕೆ ಎಂ-ಸ್ಯಾಂಡ್ ತುಂಬಿ ಒಂದರ ಹಿಂದೆ ಇನ್ನೊಂದು ಬರೋ ಹಾಗೆ ಎರಡು ಸಾಲು ಜೋಡಿಸಿ, ಗುರಿಯ ಕಾಗದ ಅದರ ಮುಂದೆ ಅಂಟಿಸಿ.

ಈಗ ಚಲನೆ. ಎಡಗೈ ಮತ್ತು ಬಲಗೈ ಒಟ್ಟಿಗೆ ಹೊರಡಬೇಕು. ಎಡಗೈಯ ಐದೂ ಬೆರಳು ಶರ್ಟಿನ ಅಂಚನ್ನ ಗನ್ ಇರೋ ಜಾಗದ ಹತ್ತಿರವೇ ಮುಷ್ಟಿ ತುಂಬ ಹಿಡೀಬೇಕು, ಹಿಡಿದು ಬಲ ಎದೆ ತನಕ ಎತ್ತಬೇಕು. ನಿಮ್ಮ ಶರ್ಟ್ ಸಿಕ್ಕಿಕೊಳ್ಳೋದು ಇಲ್ಲೇ. ಬಹಳ ಜನ ಹೊಕ್ಕುಳ ಮಟ್ಟಕ್ಕೆ ಎತ್ತಿ ಬಿಟ್ಟುಬಿಡ್ತಾರೆ, ಗನ್ ಮೇಲೆ ಬರೋ ಹೊತ್ತಿಗೆ ಬಟ್ಟೆ ಕೆಳಗೆ ಬೀಳ್ತಾ ಇರುತ್ತೆ, ಹ್ಯಾಮರ್ ಹೋಗಿ ಅದಕ್ಕೇ ಕೊಕ್ಕೆ ಹಾಕುತ್ತೆ. ಗನ್ ಹೋಲ್ಸ್ಟರ್ ಬಿಟ್ಟು ಪೂರ್ತಿ ಈಚೆ ಬರೋ ತನಕ ಎಡಗೈ ಶರ್ಟ್ ಬಿಡಬಾರದು. ಶರ್ಟಿನ ಕೊನೇ ಗುಂಡಿ ಹಾಕದೇ ಇದ್ದರೆ ಇನ್ನೂ ಸಲೀಸು.

ಬಲಗೈ ಮೇಲಿಂದ ಇಳೀಬೇಕು. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗದಲ್ಲಿ ಎಷ್ಟು ಎತ್ತರಕ್ಕೆ ಹೋಗುತ್ತೋ ಅಷ್ಟಕ್ಕೆ ಒತ್ತಿ ಕೂರಲಿ, ಕೆಳಗಿನ ಮೂರು ಬೆರಳು ಸುತ್ತಿಕೊಳ್ಳಲಿ. ಗುಂಡು ಹೊಡೆಯುವಾಗ ಇರಬೇಕಾದ ಹಿಡಿ ಹೋಲ್ಸ್ಟರಿನ ಒಳಗೇ ಸಿಕ್ಕಿರಬೇಕು. ಹೆಬ್ಬೆರಳನ್ನ ಹ್ಯಾಮರಿನ ಮೇಲೆ ಹಗುರವಾಗಿ ಇಟ್ಟುಕೊಂಡು ಎಳೆದರೆ ಅದು ಬಟ್ಟೆಗೆ ಅಡ್ಡ ನಿಲ್ಲುತ್ತೆ. ಆದರೆ ಹ್ಯಾಮರ್ ಹಿಂದಕ್ಕೆ ಎಳೆದು ಕಾಕ್ ಮಾಡಬೇಡಿ. ಕಾಕ್ ಆದಮೇಲೆ ಟ್ರಿಗರ್ ಬಹಳ ಹಗುರ, ಗಾಬರಿಯಲ್ಲಿ ಬೆರಳು ತಾಗಿದರೂ ಗುಂಡು ಹೋಗುತ್ತೆ. ರಿವಾಲ್ವರನ್ನ ಡಬಲ್ ಆ್ಯಕ್ಷನ್ನಲ್ಲೇ, ಅಂದರೆ ಟ್ರಿಗರ್ ಎಳೆತವೇ ಹ್ಯಾಮರನ್ನ ಎತ್ತಿ ಬಿಡೋ ಹಾಗೆ, ಕಲೀಬೇಕು.

ಆಮೇಲೆ ನೇರ ಮೇಲಕ್ಕೆ ಎತ್ತಿ. ನಳಿಗೆ ಹೋಲ್ಸ್ಟರ್ ದಾಟಿದ ತಕ್ಷಣ ಮೊಣಕೈ ಕೆಳಗಿಳಿಸಿ, ನಳಿಗೆ ತಾನಾಗೇ ಮುಂದಕ್ಕೆ ತಿರುಗುತ್ತೆ. ಎದೆ ಹತ್ತಿರ ಎಡಗೈ ಬಂದು ಸೇರಲಿ, ಅಲ್ಲಿಂದ ಎರಡೂ ಕೈ ಕಣ್ಣಿನ ಗೆರೆಗೆ ಮುಂದಕ್ಕೆ. ಎಡಗೈ ನಳಿಗೆಯ ಮುಂದೆ ಎಂದೂ ಬರಬಾರದು. ಎಡಗೈ ಬೆರಳು ಸಿಲಿಂಡರಿಗಿಂತ ಮುಂದಕ್ಕೂ ಹೋಗಬಾರದು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಬೆಂಕಿ ಗಾಳಿ ಪಕ್ಕಕ್ಕೆ ನುಗ್ಗಿ ಚರ್ಮ ಸುಡುತ್ತೆ. ತೋರುಬೆರಳು ಸೈಟು ಗುರಿ ಮೇಲೆ ಕೂರೋ ತನಕ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಿನ ಬಳೆಯ) ಹೊರಗೆ, ಚೌಕಟ್ಟಿನ ಮೇಲೆ ನೇರ.

ಅಭ್ಯಾಸದ ಕ್ರಮ: ಮೊದಲ ವಾರ ಟೈಮರ್ ಬೇಡ. ಬಟ್ಟೆ ಎತ್ತು, ಹಿಡಿ ಹಿಡಿ, ಅಷ್ಟೇ. ಗನ್ ಹೊರಗೆ ಬರೋದೇ ಬೇಡ. ದಿನಕ್ಕೆ ಇಪ್ಪತ್ತು ಸಲ. ಎರಡನೇ ವಾರ ಇದಕ್ಕೇ ಆ್ಯಪ್‌ನಲ್ಲಿ ಎರಡನೇ ಬೀಪ್, ಅಂದರೆ ಪಾರ್ ಟೈಮ್, 1.2 ಸೆಕೆಂಡಿಗೆ ಇಡಿ. ಹತ್ತಕ್ಕೆ ಹತ್ತು ಸಲ ಪೂರ್ತಿ ಹಿಡಿ ಸಿಕ್ಕರೆ 1.1, ಆಮೇಲೆ 1.0. ಮೂರನೇ ವಾರದಿಂದ ಪೂರ್ತಿ ಚಲನೆ, 3.0 ಸೆಕೆಂಡಿನಿಂದ ಶುರು ಮಾಡಿ 0.1ರಷ್ಟು ಇಳಿಸ್ತಾ ಹೋಗಿ. ಹತ್ತರಲ್ಲಿ ಎಂಟಕ್ಕಿಂತ ಕಡಿಮೆ ಸರಿಬಂದರೆ ಹಿಂದಿನ ಸಮಯಕ್ಕೇ ವಾಪಸ್ ಬನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು. ಭುಜ ಸೋತಮೇಲೆ ಮಾಡಿದ ಅಭ್ಯಾಸ ತಪ್ಪನ್ನೇ ಕಲಿಸುತ್ತೆ.

ಬಟ್ಟೆಯೊಳಗಿಂದ ತೆಗೆದು ಏಳು ಮೀಟರಿನ ಗುರಿಗೆ ಎರಡು ಸೆಕೆಂಡ್ ಅಂದರೆ ಒಳ್ಳೇ ಮಟ್ಟ. ಒಂದೂವರೆ ತುಂಬ ಚೆನ್ನಾಗಿ ಕಲಿತವರದ್ದು.

ಗನ್ ವಾಪಸ್ ಒಳಗೆ ಇಡೋದಕ್ಕೆ ಮಾತ್ರ ಟೈಮರ್ ಎಂದೂ ಹಾಕಬೇಡಿ. ಶರ್ಟಿನ ಅಂಚೋ ಜುಬ್ಬದ ದಾರವೋ ಗಾರ್ಡಿನೊಳಗೆ ಹೋಗಿ ಟ್ರಿಗರ್ ಎಳೆದು ತೊಡೆಗೆ ಗುಂಡು ಬೀಳೋದು ಆಗಲೇ. ಶರ್ಟ್ ಎದೆ ಮಟ್ಟಕ್ಕೆ ಎತ್ತಿ ಹಿಡಿದು, ಸೊಂಟವನ್ನ ಸ್ವಲ್ಪ ಮುಂದಕ್ಕೆ ತಳ್ಳಿ, ಹೋಲ್ಸ್ಟರಿನ ಬಾಯನ್ನ ಕಣ್ಣಾರೆ ನೋಡಿ, ಹೆಬ್ಬೆರಳು ಹ್ಯಾಮರ್ ಮೇಲಿಟ್ಟು ನಿಧಾನ ಇಳಿಸಿ. ಟ್ರಿಗರಿಗೆ ಏನಾದರೂ ತಾಗಿದ್ದರೆ ಹ್ಯಾಮರ್ ಹೆಬ್ಬೆರಳನ್ನ ಹಿಂದಕ್ಕೆ ನೂಕುತ್ತೆ, ಅಲ್ಲೇ ನಿಲ್ಲಿಸಬಹುದು.

ಚರ್ಮದಕೆಲಸ (ಮಂಡ್ಯ):
ಮೇಲಿನೋರು ಹೇಳಿದ್ದು ಸರಿಯಾಗೈತೆ ಕಣಣ್ಣ. ಆದ್ರೆ ಹೋಲ್ಸ್ಟರ್ ಕೆಟ್ಟದಾದ್ರೆ ಆ ಹಿಡಿ ಸಿಕ್ಕೋದೇ ಇಲ್ಲ. ಮೊದ್ಲು ಇದ ನೋಡ್ಕೊ: ಗನ್ ಹೋಲ್ಸ್ಟರಲ್ಲಿ ಇಟ್ಟು ಬೆಲ್ಟ್ ಕಟ್ಟಿ ಹಿಡಿ ಹಿಡಿ. ನಡುಬೆರಳು ಚರ್ಮಕ್ಕೋ ಬೆಲ್ಟಿಗೋ ತಾಗ್ತಾ ಐತಾ? ತಾಗಿದ್ರೆ ಆ ಜಾಗ ಕೊರೆದು ತೆಗೀಬೇಕು. ಇಲ್ಲಾಂದ್ರೆ ಪ್ರತಿ ಸಲ ಎರಡೇ ಬೆರಳಲ್ಲಿ ಎತ್ತಿ ಮೇಲೆ ಸರಿಮಾಡ್ಕೊಳ್ತೀಯ.

ಬ್ಯಾಗ್ ಹೊಲಿಯೋ ಮೆತ್ತನೆ ಚರ್ಮ ಬ್ಯಾಡ. ಗನ್ ಈಚೆ ಬಂದ ತಕ್ಷಣ ಬಾಯಿ ಮುಚ್ಕೊಂತದೆ, ವಾಪಸ್ ಇಡೋಕೆ ಎಡಗೈ ಬೆರಳಲ್ಲಿ ಬಾಯಿ ಬಿಡಿಸ್ಬೇಕಾಗ್ತದೆ, ಆಗ ನಳಿಗೆ ಬೆರಳಿಗೆ ಎದುರಾಗ್ತದೆ. ತೊಗಟೆಯಲ್ಲಿ ಹದ ಮಾಡಿದ 3.5ರಿಂದ 4 ಮಿಲಿಮೀಟರ್ ದಪ್ಪದ ಚರ್ಮ ತಗೊ. ಬಾಯಿ ಸುತ್ತ ಇನ್ನೊಂದು ಪಟ್ಟಿ ಸೇರಿಸಿ ಎರಡು ಸಾಲು ಹೊಲಿಗೆ ಹಾಕ್ಸು. ಚರ್ಮ ನೆನೆಸಿ, ಗನ್ನಿನ ಅಳತೇಗೆ ಬಡಗಿ ಹತ್ರ ಕೆತ್ತಿಸಿದ ಮರದ ಅಚ್ಚು ಒಳಗಿಟ್ಟು ಬೆರಳಲ್ಲಿ ಒತ್ತಿ ಆಕಾರ ಕೊಟ್ಟು ಎರಡು ದಿನ ನೆರಳಲ್ಲಿ ಒಣಗಿಸು. ಬಿಸಿಲಿಗೆ ಹಾಕಿದ್ರೆ ಬಿರಿತದೆ. ಅದೇ ಮರದ ಅಚ್ಚು ಮೊದಲ ವಾರದ ಶರ್ಟ್ ಎತ್ತೋ ಅಭ್ಯಾಸಕ್ಕೂ ಆಯ್ತದೆ, ಗನ್ನೇ ಬ್ಯಾಡ. ಟ್ರಿಗರ್ ಗಾರ್ಡ್ ಪೂರಾ ಚರ್ಮದೊಳಗೆ ಮುಚ್ಚಿರ್ಬೇಕು, ಇದ್ರಲ್ಲಿ ರಾಜಿ ಇಲ್ಲ.

ಬೆಲ್ಟ್ ಒಂದೂವರೆ ಇಂಚು ಅಗಲ, ಹೋಲ್ಸ್ಟರಿನ ಸೀಳು ಅದಕ್ಕೆ ಬಿಗಿ. ಸೀಳು ಸಡಿಲ ಇದ್ರೆ ಎಳೆದಾಗ ಹೋಲ್ಸ್ಟರೇ ಒಂದಿಂಚು ಮೇಲೆ ಬಂದು ಆಮೇಲೆ ಗನ್ ಬಿಡ್ತದೆ. ಅಲ್ಲೂ ಹೊತ್ತು ಹೋಗ್ತದೆ.

ಇನ್ನು ಪಂಚೆ. ಪಂಚೇಲಿ ಬೆಲ್ಟಿಗೆ ಲೂಪ್ ಇರಕ್ಕಿಲ್ಲ, ಗುಂಡು ತುಂಬಿದ ರಿವಾಲ್ವರ್ ಮುಕ್ಕಾಲು ಕೇಜಿ ಹತ್ರ ತೂಗ್ತದೆ, ನಡೆದಂಗೆ ಜಾರಿ ಮುಂದಕ್ಕೆ ಸುತ್ಕೊಂತದೆ. ನಿನ್ನ ಕೈ ಹೋಗೋ ಜಾಗದಲ್ಲಿ ಗನ್ ಇರಾದೇ ಇಲ್ಲ. ಇದಕ್ಕೆ ಹೋಲ್ಸ್ಟರಿನ ಎರಡು ಪಕ್ಕಕ್ಕೂ ರೆಕ್ಕೆ ಬಿಟ್ಟು, ರೆಕ್ಕೆಗೊಂದು ಸೀಳು ಹೊಡೆಸು, ನಡುವೆ ನಾಲ್ಕೂವರೆ ಇಂಚು ಅಂತರ. ಬೆಲ್ಟ್ ಬಿಗಿದಷ್ಟೂ ಅದು ಮೈಗೆ ಅಪ್ಕೊಂತದೆ. ಪಂಚೆ ಮೇಲೆ ಎರಡಿಂಚು ಅಗಲದ ಬೆಲ್ಟೇ ಆಗ್ಬೇಕು.

ಜುಬ್ಬ ಮೊಣಕಾಲು ತನಕ ಇದ್ರೆ ಒಂದೇ ಎಳೆತಕ್ಕೆ ಮೇಲೆ ಬರಕ್ಕಿಲ್ಲ. ಟೈಲರ್ ಹತ್ರ ಬಲಗಡೆ ಸೀಳನ್ನ ಬೆಲ್ಟಿಗಿಂತ ಎರಡಿಂಚು ಕೆಳಗಿನ ತನಕ ಬಿಡಿಸು. ಆಗ ಮುಂದಿನ ಅಂಚನ್ನಷ್ಟೇ ಎಡಗೈಲಿ ಹಿಡಿದು ಎಡಕ್ಕೆ ಮೇಲಕ್ಕೆ ಎಳೆದ್ರೆ ಸಾಕು. ಶರ್ಟಿನ ಅಭ್ಯಾಸ ಜುಬ್ಬಕ್ಕೆ ಬರಕ್ಕಿಲ್ಲ, ಎರಡನ್ನೂ ಬೇರೆಬೇರೆ ದಿನ ಮಾಡು.

ರಾತ್ರಿ ಗನ್ನ ಹೋಲ್ಸ್ಟರಲ್ಲೇ ಬಿಟ್ಟು ಮಲಗ್ಬ್ಯಾಡ. ಬೆವರು ಕುಡಿದ ಚರ್ಮ ಬೆಳಗ್ಗೆ ಹೊತ್ತಿಗೆ ಲೋಹಕ್ಕೆ ತುಕ್ಕು ಹಿಡಿಸಿರ್ತದೆ.

ಕೆಆರ್‌ಎಸ್_ಹಿನ್ನೀರು (ಶ್ರೀರಂಗಪಟ್ಟಣ):
ಹೋಲ್ಸ್ಟರಿಗೆ ಗನ್ ಬೀಳದ ಹಾಗೆ ಮೇಲಿಂದ ಹಾಕೋ ಬಟನ್ ಪಟ್ಟಿ ಇದೆಯಾ? ಇದ್ದರೆ ತೆಗೆದುಬಿಡಿ, ಅರ್ಧ ಸೆಕೆಂಡ್ ಅಲ್ಲೇ ಉಳಿಯುತ್ತೆ. ಅಚ್ಚಿನ ಹೋಲ್ಸ್ಟರ್ ತಾನಾಗೇ ಬಿಗಿ ಹಿಡಿಯುತ್ತೆ.

ಚರ್ಮದಕೆಲಸ (ಮಂಡ್ಯ):
ಅಣ್ಣ, ಬೈಕಲ್ಲಿ ಗದ್ದೆ ದಾರೀಲಿ ಓಡಾಡೋರಿಗೆ ಪಟ್ಟಿ ಇರ್ಲಿ. ನಾಲೆ ಏರಿ ಮೇಲೆ ಗನ್ ಬಿದ್ರೆ ಹುಡುಕೋದ್ ಎಲ್ಲಿ? ಕಳೆದ್ರೆ ತಕ್ಷಣ ಸ್ಟೇಷನ್ನಿಗೆ ದೂರು ಕೊಡ್ಬೇಕಾಗ್ತದೆ. ಬಟನ್ ಹ್ಯಾಮರಿನ ಒಳಮಗ್ಗುಲಿಗೆ, ಅಂದ್ರೆ ಮೈ ಕಡೆಗೆ ಬರಂಗೆ ಇಟ್ರೆ ಹಿಡಿ ಹಿಡಿಯೋ ಹೆಬ್ಬೆರಳೇ ಅದನ್ನ ತಳ್ಳಿ ಬಿಡಿಸ್ತದೆ, ಬೇರೆ ಚಲನೆ ಬೇಕಾಗಕ್ಕಿಲ್ಲ. ಹಿಂದಕ್ಕೆ ಸೆಟೆದು ನಿಲ್ಲಂಗೆ ಪಟ್ಟಿ ಒಳಗೆ ತೆಳು ತಗಡು ಹಾಕ್ಸಿ.

ನಜರಬಾದ್_ಓದುಗ (ಮೈಸೂರು):
ಕಾನೂನಿನ ಕಡೆಯಿಂದ ನಾಲ್ಕು ಮಾತು ಸೇರಿಸ್ತೀನಿ, ಅಭ್ಯಾಸಕ್ಕೂ ಸಂಬಂಧ ಇದೆ.

2016ರ ಆರ್ಮ್ಸ್ ರೂಲ್ಸ್‌ನ 32ನೇ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಹಾಗಾಗಿ ಬಟ್ಟೆಯೊಳಗಿಂದ ತೆಗೆಯೋದನ್ನೇ ಅಭ್ಯಾಸ ಮಾಡಬೇಕಾದದ್ದು. ಅದೇ ನಿಯಮ ಸಾರ್ವಜನಿಕವಾಗಿ ಗನ್ ಝಳಪಿಸೋದನ್ನೂ ನಿಷೇಧಿಸುತ್ತೆ. ಟೆರೇಸ್ ಮೇಲೆ, ರಸ್ತೆಗೆ ಕಾಣೋ ಕಿಟಕಿ ಎದುರು ಅಭ್ಯಾಸ ಮಾಡಬೇಡಿ, ಪಕ್ಕದ ಮನೆಯವರಿಗೆ ಗನ್ ಖಾಲಿ ಅಂತ ಗೊತ್ತಿರಲ್ಲ.

ಗುಂಡು ಹಾಕಿ ಅಭ್ಯಾಸ ಅಂದರೆ ಪರವಾನಗಿ ಇರೋ ಶೂಟಿಂಗ್ ರೇಂಜ್ ಮಾತ್ರ, ಅಲ್ಲಿಯೂ ಹೋಲ್ಸ್ಟರಿನಿಂದ ತೆಗೆದು ಹೊಡೆಯೋಕೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ತೋಟದಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ದಂಡೇಲಿ ಬೇಡವೇ ಬೇಡ. ನೀರಿಗೆ ಓರೆಯಾಗಿ ಬಿದ್ದ ಗುಂಡು ಮುಳುಗದೆ ಚಿಮ್ಮಿ ಹೋಗುತ್ತೆ. ಕಬ್ಬಿನ ಆಚೆ ಕೂಲಿಯವರಿರ್ತಾರೆ.

ಆತ್ಮರಕ್ಷಣೆಗೆ ಗನ್ ತೆಗೆಯೋಕೆ ಹಕ್ಕು ಇದೆಯಾ ಅನ್ನೋದನ್ನ ತೀರ್ಮಾನಿಸೋದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್. 37ನ್ನ ಎರಡು ಸಲ ಓದಿ: ಪೊಲೀಸರ ರಕ್ಷಣೆ ಪಡೆಯೋಕೆ ಸಮಯ ಇದ್ದರೆ ಹಕ್ಕಿಲ್ಲ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡೋಕೂ ಹಕ್ಕಿಲ್ಲ. ಅದಕ್ಕೇ ಅಭ್ಯಾಸದಲ್ಲಿ ಪ್ರತಿ ಸಲ ಟ್ರಿಗರ್ ಎಳೀಬೇಡಿ. ಹತ್ತರಲ್ಲಿ ನಾಲ್ಕು ಸಲ ಗನ್ ಮೇಲೆ ಬಂದಮೇಲೆ "ನಿಲ್ಲು" ಅಂತ ಜೋರಾಗಿ ಕೂಗಿ, ಬೆರಳು ಹೊರಗೇ ಇಟ್ಟು, ಹಾಗೇ ಇಳಿಸಿ. ಇಲ್ಲದಿದ್ದರೆ ಗನ್ ಈಚೆ ಬಂದರೆ ಬೆರಳು ತಾನಾಗೇ ಎಳೆಯೋದನ್ನ ಕಲಿತುಬಿಡುತ್ತೆ.

ಕುಕ್ಕರಹಳ್ಳಿ_ದಂಡೆ (ಮೈಸೂರು):
ಇದು ಬಹಳ ಮುಖ್ಯ, ನಾನು ಬರೆಯೋದು ಬಿಟ್ಟುಹೋಗಿತ್ತು. ಇನ್ನೊಂದು: ನಿಂತ ಜಾಗದಲ್ಲೇ ತೆಗೆಯೋದು ಕಲಿತಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಹಾಕ್ತಾ ತೆಗೆಯೋದನ್ನೂ ಸೇರಿಸಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿ ಪೊಲೀಸ್ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೆಕ್ಕದ ಪ್ರಕಾರ 21 ಅಡಿ ದೂರದಿಂದ ಓಡಿಬರೋನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮೈಮೇಲಿರ್ತಾನೆ. ನೀವು 2 ಸೆಕೆಂಡಿಗೆ ಬಂದರೂ ನಿಂತಲ್ಲೇ ನಿಂತರೆ ಸಾಲಲ್ಲ. ನಡುವೆ ಒಂದು ಕಾರೋ ಕಂಬವೋ ಸಿಗೋ ಹಾಗೆ ಸರಿದರೆ ಆ ಉಳಿದ ಅರ್ಧ ಸೆಕೆಂಡ್ ಸಿಗುತ್ತೆ.

ಕಬ್ಬಿನಗದ್ದೆ (ಮಂಡ್ಯ):
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಹೋಲ್ಸ್ಟರ್ ನೋಡಿದೆ, ನಡುಬೆರಳು ಚರ್ಮಕ್ಕೆ ತಾಗ್ತಿದೆ, ಸೀಳೂ ಸಡಿಲ. ಎರಡನ್ನೂ ಸರಿ ಮಾಡಿಸ್ತೀನಿ. ಕೊನೇ ಪ್ರಶ್ನೆ: ಕಾರಿನಲ್ಲಿ ಡ್ರೈವರ್ ಸೀಟಲ್ಲಿ ಕೂತಾಗ ಬಲ ಸೊಂಟದ ಗನ್ ಬಾಗಿಲ ಕಡೆ ಸಿಕ್ಕಿಕೊಳ್ಳುತ್ತಲ್ಲ, ಅದಕ್ಕೇನು ಮಾಡೋದು?

ಕುಕ್ಕರಹಳ್ಳಿ_ದಂಡೆ (ಮೈಸೂರು):
ಗಾಡಿ ಚಾಲೂ ಇದ್ದು ದಾರಿ ಇದ್ದರೆ ಆ್ಯಕ್ಸಿಲರೇಟರ್ ಒತ್ತಿ ಅಲ್ಲಿಂದ ಹೋಗಿಬಿಡೋದೇ ಸರಿ, ಗನ್ ತೆಗೆಯೋದಕ್ಕಿಂತಲೂ ಬೇಗ. ಅದು ಆಗದಿದ್ದರೆ: ಸೀಟ್ ಬೆಲ್ಟಿನ ಸೊಂಟದ ಪಟ್ಟಿ ಶರ್ಟಿನ ಅಂಚನ್ನ ಗನ್ನಿನ ಮೇಲೇ ಒತ್ತಿ ಹಿಡಿದಿರುತ್ತೆ. ಹಾಗಾಗಿ ಬೆಲ್ಟ್ ಹಾಕುವಾಗಲೇ ಶರ್ಟಿನ ಬಲ ಅಂಚನ್ನ ಪಟ್ಟಿಯಿಂದ ಈಚೆಗೆ ಎಳೆದು ಸಡಿಲ ಬಿಟ್ಟುಕೊಳ್ಳಿ. ತೆಗೆಯುವಾಗ ಎಡಗೈ ಮೊದಲು ಎಡಗಡೆಯ ಬಕಲ್ ಒತ್ತಬೇಕು, ಆಮೇಲೆ ಶರ್ಟ್. ಮೈಯನ್ನ ಎಡಕ್ಕೆ ಮುಂದಕ್ಕೆ ವಾಲಿಸಿ ಸೊಂಟಕ್ಕೂ ಸೀಟಿಗೂ ನಡುವೆ ಜಾಗ ಮಾಡ್ಕೊಳ್ಳಿ, ಗನ್ ನೇರ ಮೇಲಕ್ಕೆ ಎತ್ತಿ ಸ್ಟಿಯರಿಂಗ್ ಚಕ್ರದ ಮೇಲಿಂದ ಮುಂದಕ್ಕೆ ತನ್ನಿ. ಚಕ್ರದ ಕೆಳಗಿಂದ ತಂದರೆ ನಳಿಗೆ ಎರಡು ತೊಡೆಯನ್ನೂ ದಾಟುತ್ತೆ. ಇದನ್ನ ಮರದ ಅಚ್ಚಿನಲ್ಲೇ ಕಲೀರಿ, ಮನೆ ಕಾಂಪೌಂಡ್ ಒಳಗೆ ಗೇಟ್ ಹಾಕಿಕೊಂಡು. ಪಕ್ಕದ ಸೀಟಲ್ಲಿ ಯಾರೂ ಇರಬಾರದು.