‘ಗೀರು’ ಅಂದರೆ ಯಾವ ಗೀರು? ರೆಕಾರ್ಡಿಗೊಂದು ಪದ ಬೇಕು

ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಮನೆಯಲ್ಲೇ ಶುಚಿ ಮಾಡುವುದು ಹೇಗೆ ಅಂತ ಒಂದು ಪುಟ ಬರೆದು ಗೆಳೆಯರೊಬ್ಬರಿಗೆ ಕೊಟ್ಟಿದ್ದೆ. ಅದರಲ್ಲಿ ‘ಬ್ರಷ್ಷನ್ನು ಗೀರಿನ ಗುಂಟ ಆಡಿಸಿ, ಅಡ್ಡ ಎಳೆಯಬೇಡಿ’ ಅಂತ ಒಂದು ಮಾತಿತ್ತು. ಅವರು ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚಿನಿಂದ ನಡುವಿನ ಲೇಬಲ್ಲಿನವರೆಗೆ ಉದ್ದಕ್ಕೆ ಒಂದು ಗೀರು ಕಂಡಿತು. ಅದರ ಗುಂಟವೇ ಚೆನ್ನಾಗಿ ಉಜ್ಜಿದರು. ನಾನು ಏನು ಬೇಡ ಅಂದಿದ್ದೆನೋ ಅದೇ ಆಯಿತು. ತಪ್ಪು ಅವರದ್ದಲ್ಲ, ನಾನು ಆರಿಸಿದ ಪದದ್ದು.

ನನ್ನ ಮನಸ್ಸಿನಲ್ಲಿದ್ದದ್ದು ಹಾಡು ಕೂತಿರುವ ಆ ಸಣ್ಣ ತೋಡು, ಪ್ಲೇಯರಿನ ಮುಳ್ಳು ಹರಿದಾಡುವ ದಾರಿ. ನೋಡುವುದಕ್ಕೆ ನೂರಾರು ಬಳೆಗಳ ಹಾಗೆ ಕಂಡರೂ ಒಂದು ಮಗ್ಗುಲಿಗೆ ಇರುವುದು ಒಂದೇ. ಅಂಚಿನಲ್ಲಿ ಶುರುವಾಗಿ ಸುರುಳಿ ಸುತ್ತುತ್ತಾ ಒಳಗೆ ಬರುತ್ತದೆ. 12 ಇಂಚಿನ ಎಲ್‌ಪಿಯಲ್ಲಿ (ಲಾಂಗ್ ಪ್ಲೇ ರೆಕಾರ್ಡಿನಲ್ಲಿ) ಅದನ್ನು ಬಿಡಿಸಿ ನೇರ ಹಾಸಿದರೆ ಅರ್ಧ ಕಿಲೋಮೀಟರಿನ ಹತ್ತಿರ ಬರುತ್ತದೆ. ಅಗಲ ಮಾತ್ರ ಕೂದಲೆಳೆಯಷ್ಟು. ಧೂಳು ಕೂರುವುದು ಅಲ್ಲೇ, ಚಟಪಟ ಸದ್ದು ಬರುವುದೂ ಅಲ್ಲಿಂದಲೇ. ಆದರೆ ಗೀರು ಅಂದ ಕೂಡಲೇ ನಮಗೆ ಹೊಳೆಯುವುದು ಗಾಯ: ಬೆಕ್ಕು ಗೀರಿತು, ಕಾರಿಗೆ ಗೀರು ಬಿತ್ತು. ಈ ತೋಡು ಬೇಕೆಂದೇ ಕೊರೆದದ್ದು, ಅಲ್ವಾ?

‘ಗೆರೆ’ ಅನ್ನೋಣವೇ? ಗೆರೆ ಎಳೆಯುವಂಥದ್ದು, ಅದಕ್ಕೆ ಆಳವಿಲ್ಲ. ಕೊಳೆ ಅದರೊಳಗೆ ಹೇಗೆ ಇಳಿಯಬೇಕು? ‘ಸಾಲು’ ನನಗೆ ತುಂಬಾ ಹಿಡಿಸಿತ್ತು. ನೇಗಿಲ ಸಾಲು ಅನ್ನುತ್ತೇವಲ್ಲ, ಹಾಗೆ. ಆದರೆ ‘ಮುಳ್ಳು ಅದೇ ಸಾಲಿನಲ್ಲಿ ಸಿಕ್ಕಿಕೊಂಡಿದೆ’ ಅಂದರೆ ತೋಡಿನ ಸಾಲೋ, ಹಾಡಿನ ಸಾಲೋ? ಹಾಡಿದ್ದೇ ಹಾಡೋ ಕಿಸಬಾಯಿದಾಸನಿಗೆ ಎರಡೂ ಒಂದೇ ಇರಬಹುದು, ಬರೆಯುವವರಿಗೆ ಕಷ್ಟ.

ಸದ್ಯಕ್ಕೆ ನನ್ನ ಒಲವು ‘ಜಾಡು’ ಕಡೆಗೆ. ಮುಳ್ಳು ಜಾಡು ಹಿಡಿದು ಹೋಗುತ್ತದೆ, ಜಾಡು ತಪ್ಪಿದರೆ ನೆಗೆಯುತ್ತದೆ. ‘ಜಾಡಿನ ಗುಂಟ ಬ್ರಷ್ ಆಡಿಸಿ’ ಅಂದಿದ್ದರೆ ಗೆಳೆಯರು ಸುತ್ತಲೂ ಆಡಿಸುತ್ತಿದ್ದರು. ಒಂದೇ ಅನುಮಾನ: ಜಾಡು ಅಂದರೆ ಯಾರೋ ನಡೆದು ಹೋದ ಮೇಲೆ ಉಳಿಯುವ ಗುರುತು. ಇಲ್ಲಿ ದಾರಿ ಮೊದಲೇ ಇದೆ, ನಡೆಯುವವರು ಆಮೇಲೆ ಬರುತ್ತಾರೆ. (‘ಜಾಡಿನ ಧೂಳು ಜಾಡಿಸಿ’ ಅಂತ ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.)

ಕ್ರಿಯಾಪದದ್ದೂ ಒಂದು ತಕರಾರಿದೆ. ರೆಕಾರ್ಡು ತಿರುಗುತ್ತಿರುವಾಗ ಕಾರ್ಬನ್ ಫೈಬರ್ ಬ್ರಷ್ಷಿನ ಎಳೆಗಳು ಸುಮ್ನೆ ತಾಗುವಂತೆ ಹಿಡಿಯಬೇಕು. ಎರಡು ಸುತ್ತು ಆದ ಮೇಲೆ ಮೆಲ್ಲಗೆ ಅಂಚಿನ ಕಡೆ ಸರಿಸಿ ಎತ್ತಬೇಕು. ಇದು ಉಜ್ಜುವುದಲ್ಲ, ತಿಕ್ಕುವುದಂತೂ ಅಲ್ಲವೇ ಅಲ್ಲ. ‘ಒರೆಸು’ ಅಂದರೆ ಒದ್ದೆ ಬಟ್ಟೆ ನೆನಪಾಗುತ್ತದೆ. ‘ಸವರು’ ಕೈಯ ಹಗುರಕ್ಕೆ ಸರಿ, ಆದರೆ ಎಣ್ಣೆ ಸವರಿದಂತೆ ಏನನ್ನೋ ಹಚ್ಚುವ ಅರ್ಥವೂ ಬಂದುಬಿಡುತ್ತದೆ. ‘ತೊಳೆ’ಗೆ ತೊಂದರೆಯಿಲ್ಲ. ಲೇಬಲ್ಲಿಗೆ ತಾಗದಂತೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನಿಲ್ಲಿಸಿ ಒಣಗಿಸುವುದು, ಅಷ್ಟೇ. ನಲ್ಲಿ ನೀರು ಒಣಗಿದರೆ ಅದರಲ್ಲಿನ ಲವಣ ಜಾಡಿನಲ್ಲೇ ಉಳಿಯುತ್ತದೆ.

ಇನ್ನು ‘ಪ್ಲೇಟು’. ಹಿರಿಯರು ಎಲ್ಲ ರೆಕಾರ್ಡಿಗೂ ಪ್ಲೇಟು ಅನ್ನುತ್ತಾರೆ. ಕೇಳಲು ಚೆಂದ. ಆದರೆ ಶುಚಿ ಮಾಡುವಾಗ ಈ ಒಂದೇ ಹೆಸರು ಅಪಾಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಹೆಚ್ಚಿನವು ಅರಗಿನವು. 1948ರಲ್ಲಿ ಬಂದ ಎಲ್‌ಪಿ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನದ್ದು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ವಿನೈಲಿಗೆ ನಡೆಯುತ್ತದೆ. ಅರಗಿಗೆ ಅದು ತಾಗಿದರೆ ಮೇಲ್ಮೈಯೇ ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ. ಹಾಗಾಗಿ ನಾನು ‘ಅರಗಿನ ಪ್ಲೇಟು’, ‘ವಿನೈಲ್ ಪ್ಲೇಟು’ ಅಂತ ಬಿಡಿಸಿ ಬರೆಯುತ್ತಿದ್ದೇನೆ. ತಟ್ಟೆ ಅಂತ ಬರೆದಿದ್ದೆ ಮೊದಲು. ‘ತಟ್ಟೆ ತೊಳೆಯುವ ಕ್ರಮ’ ಅನ್ನುವ ತಲೆಬರಹ ನೋಡಿ ಮನೆಯವರು ನಕ್ಕ ಮೇಲೆ ಬಿಟ್ಟೆ.

ಜಾಡಿಗಿಂತ ಒಳ್ಳೆಯ ಪದ ನಿಮ್ಮ ಬಳಕೆಯಲ್ಲಿದೆಯೇ? ಮರಗೆಲಸ ಮಾಡುವವರು, ಕಲ್ಲು ಕೆತ್ತುವವರು ಇಂಥ ಸಣ್ಣ ತೋಡಿಗೆ ಏನನ್ನುತ್ತಾರೆ? ಹಗುರಾಗಿ ಧೂಳು ತೆಗೆಯುವುದಕ್ಕೂ ಒಂದು ಕ್ರಿಯಾಪದ ಸಿಕ್ಕರೆ ಆ ಪುಟವನ್ನು ತಿದ್ದಿ ಗೆಳೆಯರಿಗೆ ಮತ್ತೆ ಕೊಡಬೇಕು. ಅವರ ಹತ್ತಿರ ಇನ್ನೂ 40 ರೆಕಾರ್ಡುಗಳಿವೆ.